ದೇವಳಾಲಿಯ ತಾಪ

ಅಬುಧಾಬಿಯ ಕೈಗಾರಿಕಾ ಪ್ರದೇಶ ಮುಸಫ್ಫಾದ ಕ್ಲಿನಿಕ್ಕಿನಲ್ಲಿ ನಾನು ಕೆಲಸಕ್ಕೆ ಸೇರಿದ ದಿನ ಬೆಳಿಗ್ಗೆ, ಒಬ್ಬ ಕಂಪನಿ ಡ್ರೈವರ್ ಬಾಗಿಲು ತಳ್ಳಿಕೊಂಡು ಬಂದು, "ಸಿಸ್ಟರ್, ಏಕ್ ಲೇಬರ್ ಲಾಯಾ" ಎಂದ. ಅವನ ಹಿಂದೆ ಕೈಗೆ ಬನಿಯನ್ ಸುತ್ತಿಕೊಂಡ ವೆಲ್ಡರ್ ಒಬ್ಬ ನಿಂತಿದ್ದ. ಬನಿಯನ್ ಕೆಂಪಾಗಿತ್ತು. ಮೇಜಿನ ಹಿಂದಿನಿಂದ ಎದ್ದ ಹಿರಿಯ ನರ್ಸ್ ಮೊದಲು ಆ ವೆಲ್ಡರನನ್ನು ಕೂರಿಸಿ, ಗಾಯವನ್ನು ಬಿಗಿಯಾಗಿ ಒತ್ತಿ ಹಿಡಿದರು. ಆಮೇಲೆ ತಲೆ ಎತ್ತದೆ ಡ್ರೈವರನಿಗೆ ಹಿಂದಿಯಲ್ಲಿ ಹೇಳಿದರು: ಆಸ್ಪತ್ರೆಯ ಭಾಷೆಯಲ್ಲಿ ಲೇಬರ್ ಅಂದರೆ ಹೆರಿಗೆ ನೋವು, ಈ ಮನುಷ್ಯನಿಗೆ ಅದು ಬಂದಿಲ್ಲ, ಇವನಿಗೊಂದು ಹೆಸರಿರಬೇಕು, ಅದನ್ನು ಹೇಳು. ಡ್ರೈವರನಿಗೆ ಹೆಸರು ಗೊತ್ತಿರಲಿಲ್ಲ. ಹಾಗಾದರೆ ಕೇಳು, ಎಂದರು. ಅವನು ಕೇಳಿದ. ನೋವಿನ ನಡುವೆಯೂ ವೆಲ್ಡರ್ ಸ್ವಲ್ಪ ನಕ್ಕು ತನ್ನ ಹೆಸರು ಹೇಳಿದ.

ನಾನು ಎದುರಿನ ಇನ್ಶೂರೆನ್ಸ್ ಕೌಂಟರಿನಲ್ಲಿ ಕೂತು ಇದನ್ನು ನೋಡುತ್ತಿದ್ದೆ. ಅವರ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ನಮ್ಮ ಮಂಗಳೂರು ಕಡೆಯ ಎಳೆತ ಇತ್ತು. ಮಧ್ಯಾಹ್ನ ತುಳುವಿನಲ್ಲಿ ಮಾತಾಡಿಸಿದೆ. ಅವರು ಬಂಟ್ವಾಳದ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ನಾನು ಪುತ್ತೂರಿನ ಬ್ಯಾರಿ ಮುಸಲ್ಮಾನ. ಉಳಿದವರೆಲ್ಲ ಅವರನ್ನು ಸಿಸ್ಟರ್ ಎಂದು ಕರೆಯುತ್ತಿದ್ದರು. ನಾನು, ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಊರಿನ ರೂಢಿಯಂತೆ, ಬಾಯಮ್ಮ ಎಂದೆ. ಅಬುಧಾಬಿಯಲ್ಲಿ ಆ ಮಾತು ಕೇಳಿ ಎಷ್ಟೋ ಕಾಲವಾಯಿತು ಎಂದು ಅವರ ಮುಖ ಅರಳಿತು. ಮರುಗಳಿಗೆಯಲ್ಲೇ, ನಿನ್ನ ಮೇಜಿನ ಮೇಲೆ ಚಹಾದ ಕಲೆ ಇದೆ, ಒರೆಸು ಎಂದರು.

ಹಾಗಿದ್ದರು ಅವರು. ಗಿಡ್ಡ ದೇಹ, ದೊಡ್ಡ ಧ್ವನಿ, ಎದೆಯ ಮೇಲೆ ತಲೆಕೆಳಗಾಗಿ ಪಿನ್ನು ಹಾಕಿದ ಗಡಿಯಾರ. ಸಮವಸ್ತ್ರಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡುವುದನ್ನು ಅವರು ಯಾವ ಲಾಂಡ್ರಿಗೂ ಬಿಟ್ಟವರಲ್ಲ. ಅರವತ್ತು ದಾಟಿತ್ತು, ಕಾಂಟ್ರಾಕ್ಟ್ ವರ್ಷ ವರ್ಷ ರಿನ್ಯೂ ಆಗಬೇಕಿತ್ತು. ಆದರೂ ನಡಿಗೆಯಲ್ಲಿ ಅಂಜಿಕೆ ಎಂಬುದು ಇರಲಿಲ್ಲ. ಬಂದವರ ಜ್ವರ, ಬಿ.ಪಿ., ನಾಡಿ ನೋಡಿ ಡಾಕ್ಟರರ ಹತ್ತಿರ ಕಳಿಸುವ ಕೋಣೆಯನ್ನು ನಾವು ಟ್ರಯಾಜ್ ಎನ್ನುತ್ತೇವೆ. ಅದು ಅವರ ರಾಜ್ಯ. ಅಲ್ಲಿ ಕೂತವನು ಕ್ರೇನ್ ಆಪರೇಟರನೇ ಇರಲಿ, ಕಂಪನಿಯ ಎಂಜಿನಿಯರನೇ ಇರಲಿ, ಮೊದಲ ಪ್ರಶ್ನೆ ಹೆಸರು, ಎರಡನೆಯದು ಊರು. ರೋಗ ಆಮೇಲೆ.

ಅವರಿಗೆ ಇನ್ನೊಂದು ಗೀಳಿತ್ತು. ಗೊತ್ತಿಲ್ಲದ ಮಾತು ಕಿವಿಗೆ ಬಿದ್ದರೆ ಬಿಡುತ್ತಿರಲಿಲ್ಲ. ನಾವೆಲ್ಲ ಇಂಗ್ಲಿಷಿನವರ ಎದುರು ಅರ್ಥವಾಗದಿದ್ದರೂ ತಲೆಯಾಡಿಸಿ ಪಾರಾಗುವವರು. ಬಾಯಮ್ಮ ಮಾತ್ರ ಕೆಲಸ ನಿಲ್ಲಿಸಿ, ಅಂದರೆ ಎಂತ, ಎಲ್ಲಿಂದ ಬಂತು ಆ ಮಾತು ಎಂದು ಕೇಳಿಯೇ ಬಿಡುವರು. ಹಾಗೆ ಕೇಳಲು ಅವರಿಗೆ ಎಳ್ಳಷ್ಟೂ ನಾಚಿಕೆ ಇರಲಿಲ್ಲ. ರಿಸೆಪ್ಶನ್ನಿನ ಫಿಲಿಪಿನೋ ಹುಡುಗಿ ಫೋನಿನಲ್ಲಿ ಎಲ್ಲರಿಗೂ 'ಫಾರ್ ಎ ವೈಲ್' ಎನ್ನುತ್ತಿದ್ದಳು. ಒಂದು ಗಳಿಗೆ ತಾಳಿ ಎಂಬರ್ಥದಲ್ಲಿ ಮನಿಲಾದವರು ಹಾಗನ್ನುತ್ತಾರೆ ಎಂದು ಅವಳ ಬಾಯಿಂದಲೇ ಹೇಳಿಸಿ, ಆ ಭಾಷೆಯಲ್ಲಿ ಅದಕ್ಕೆ ಮೂಲ ಮಾತು ಯಾವುದು ಎಂದು ತಿಳಿದುಕೊಂಡ ಮೇಲೆಯೇ ಅವರಿಗೆ ಸಮಾಧಾನ. ಒಬ್ಬ ಇಂಗ್ಲಿಷ್ ಫೋರ್‌ಮನ್ ರಜೆಗಾಗಿ 'ಸಿಕ್ ಚಿಟ್' ಕೇಳಿದಾಗ, ಚಿಟ್ ಅಂದರೆ ನಮ್ಮ ಚೀಟಿ, ನೀವು ತೆಗೆದುಕೊಂಡು ಹೋದದ್ದು, ಈಗ ವಾಪಸು ಕೇಳುತ್ತಿದ್ದೀರಿ ಎಂದು ಅವನಿಗೇ ಪಾಠ ಮಾಡಿದರು. ಅವನು ಹೋದ ಮೇಲೂ ಅವರ ಮುಖದಲ್ಲಿ ಗೆದ್ದವರ ನಗು ಇತ್ತು.

ದುಬೈಯ ಅಲ್ ಮುರಕ್ಕಬಾತಿನಲ್ಲಿ ಅವರ ತಂಗಿಯ ಮಗಳ ಮನೆ. ಅಲ್ಲಿನ ಮಕ್ಕಳು ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವರು. ಒಮ್ಮೆ ಅಲ್ಲಿಗೆ ಹೋಗಿ ಬಂದವರು ನನ್ನ ಹತ್ತಿರ ಹೇಳಿದರು: ದೊಡ್ಡ ಹುಡುಗಿ 'ಚಿಲ್ ಮಾಡಿ ಆಂಟಿ' ಎಂದಳಂತೆ. ಇವರು, ನಲವತ್ತೈದು ಡಿಗ್ರಿ ಬಿಸಿಲಿನಲ್ಲಿ ಇದ್ದುಕೊಂಡು ತಣ್ಣಗಾಗು ಅನ್ನುವುದರಲ್ಲಿ ನ್ಯಾಯ ಇದೆ ಎಂದು ಒಪ್ಪಿಕೊಂಡರಂತೆ.

ಇಷ್ಟೇ ಆಗಿದ್ದರೆ ಇದು ಒಬ್ಬ ಒಳ್ಳೆಯ ನರ್ಸಿನ ವಿನೋದ ಎಂದು ಮರೆತುಬಿಡುತ್ತಿದ್ದೆ. ೨೦೧೬ರ ಬೇಸಿಗೆಯಲ್ಲಿ ನಡೆದದ್ದು ಬೇರೆ.

ತೈಲದ ಬೆಲೆ ಬಿದ್ದ ಕಾಲ ಅದು. ಮುಸಫ್ಫಾದಲ್ಲಿ ಒಂದರ ಹಿಂದೆ ಒಂದು ವರ್ಕ್‌ಶಾಪುಗಳು ಬಾಗಿಲು ಎಳೆಯುತ್ತಿದ್ದವು. ನಮ್ಮ ಕ್ಲಿನಿಕ್ಕಿಗೆ ಬರುತ್ತಿದ್ದ ಒಂದು ದೊಡ್ಡ ಫ್ಯಾಬ್ರಿಕೇಶನ್ ಕಂಪನಿಯಲ್ಲೂ ಕೆಲಸ ನಿಂತಿತ್ತು. ಅಲ್ಲಿನವರು ತಿಂಗಳುಗಟ್ಟಲೆ ಕಾರ್ಮಿಕರ ಕ್ಯಾಂಪಿನಲ್ಲಿ ಸುಮ್ಮನೆ ಕೂತಿದ್ದರು. ವೀಸಾ ರದ್ದಾಗಬೇಕು, ಊರಿಗೆ ಟಿಕೆಟ್ ಬರಬೇಕು. ಬರುತ್ತದೆ, ಇನ್‌ಶಾ ಅಲ್ಲಾಹ್, ಮುಂದಿನ ವಾರ ಎಂಬ ಮಾತು ಪ್ರತಿ ವಾರವೂ ಬರುತ್ತಿತ್ತು, ಟಿಕೆಟ್ ಬರುತ್ತಿರಲಿಲ್ಲ.

ಆ ಕಂಪನಿಯ ಸೇಫ್ಟಿ ಆಫೀಸರ್ ಒಂದು ಬೆಳಿಗ್ಗೆ ತಮ್ಮ ಕಾರಿನಲ್ಲೇ ಒಬ್ಬನನ್ನು ಕರೆದುಕೊಂಡು ಬಂದರು. ಇಂಗ್ಲೆಂಡಿನವರು, ಐವತ್ತೈದರ ಆಸುಪಾಸು, ಬಿಸಿಲಿಗೆ ಸುಟ್ಟು ಕೆಂಪಾದ ಕುತ್ತಿಗೆ, ಮೆದು ಮಾತು. ಅವರು ಕರೆತಂದದ್ದು ಯಾದಗಿರಿ ಕಡೆಯ ಒಬ್ಬ ಸ್ಕಾಫೋಲ್ಡರನನ್ನು, ಎತ್ತರದ ಕಬ್ಬಿಣದ ಅಟ್ಟಣಿಗೆ ಕಟ್ಟುವವನು. ಜೊತೆಗೆ ಅವನ ಊರಿನವನೇ ಆದ ರೂಮ್‌ಮೇಟ್ ಇದ್ದ. ಕೆಲವು ದಿನಗಳಿಂದ ಇವನು ಚೀಲ ಕಟ್ಟುತ್ತಾನೆ, ಬಿಚ್ಚುತ್ತಾನೆ, ಕ್ಯಾಂಪಿನ ಗೇಟಿನಲ್ಲಿ ಹೋಗಿ ನಿಲ್ಲುತ್ತಾನೆ ಎಂದು ರೂಮ್‌ಮೇಟ್ ಹೇಳಿದ. ನಮ್ಮ ಎದುರಿಗೇ ಅವನು ಬಾಗಿಲ ಕಡೆ ನೋಡಿ, "ಬಸ್ ಬಂದಾದ ನೋಡ್ರಿ, ನಂದು ಚೀಲಾ ಎಲ್ಲದಾ?" ಎಂದು ಕೇಳುತ್ತಿದ್ದ. ಬಾಗಿಲ ಹೊರಗೆ ಬಸ್ಸೂ ಇರಲಿಲ್ಲ, ಏನೂ ಇರಲಿಲ್ಲ.

ಬಾಯಮ್ಮ ಹೆಸರು ಕೇಳಿದರು. ಅವನು ಹೇಳಿದ. ಜ್ವರ ನೋಡಿದರು, ಇರಲಿಲ್ಲ. ಸೇಫ್ಟಿ ಆಫೀಸರ್ ಧ್ವನಿ ತಗ್ಗಿಸಿ, ಪಾಪ, ಇವನು ಡೂಲಾಲಿ ಆಗಿಬಿಟ್ಟಿದ್ದಾನೆ, ಕಂಪನಿಯವರು ಮನೋರೋಗದ ಆಸ್ಪತ್ರೆಗೆ ಬರೆಸಿಕೊಂಡು ಬಾ ಎಂದಿದ್ದಾರೆ ಎಂದರು. ಅವರ ಮಾತಿನಲ್ಲಿ ಕೇಡಿರಲಿಲ್ಲ. ಅವರಿಗೂ ಆ ಹುಡುಗನ ಮೇಲೆ ಮರುಕವಿತ್ತು.

ಬಾಯಮ್ಮ ಬಿ.ಪಿ. ಪಟ್ಟಿ ಬಿಚ್ಚುತ್ತಿದ್ದವರು ನಿಂತರು. ಡೂಲಾಲಿ ಅಂದರೆ ಏನು ಎಂದು ಕೇಳಿದರು. ತಲೆ ಕೆಟ್ಟಿದೆ ಎಂದರ್ಥ, ನಮ್ಮ ಕಡೆ ಆಡುವ ಮಾತು ಎಂದರು ಅವರು. ಎಲ್ಲಿಂದ ಬಂತು? ಗೊತ್ತಿಲ್ಲ, ನಮ್ಮ ಅಜ್ಜ ಹೇಳುತ್ತಿದ್ದರು. ಅವರು ಪೂರ್ತಿಯಾಗಿ 'ಡೂಲಾಲಿ ಟ್ಯಾಪ್' ಎನ್ನುತ್ತಿದ್ದರು. ಹೀಗೆ ಹೇಳುವಾಗ ಆಫೀಸರ್ ಬೆರಳಿನಿಂದ ತಮ್ಮ ಹಣೆಯ ಪಕ್ಕವನ್ನು ಮೆಲ್ಲಗೆ ತಟ್ಟಿ ತೋರಿಸಿದರು. ಟ್ಯಾಪ್ ಅಂದರೆ ತಟ್ಟುವುದು, ಅದಕ್ಕೇ ಇರಬೇಕು ಎಂದರು.

"ನಿಮ್ಮ ಅಜ್ಜ ಏನು ಕೆಲಸದಲ್ಲಿದ್ದರು?"

ಸೈನ್ಯದಲ್ಲಿ, ಹರೆಯದಲ್ಲಿ ಇಂಡಿಯಾದಲ್ಲಿ ಇದ್ದರು ಎಂದರು ಅವರು.

ಬಾಯಮ್ಮ ನನ್ನ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ಆಗ ಕಂಡ ಹೊಳಪನ್ನು ನಾನು ಮರೆತಿಲ್ಲ.

"ಕೇಳಿದಿಯಾ ಮಾರಾಯ? ಅದು ಟ್ಯಾಪ್ ಅಲ್ಲ. ತಾಪ್. ನಮ್ಮ ಕೊಂಕಣಿಯಲ್ಲಿ ಜ್ವರಕ್ಕೆ ತಾಪ್ ಅನ್ನೋದು. ಇವರ ಅಜ್ಜ ಹುಚ್ಚು ಅಂತ ಹೇಳಿದ್ದಲ್ಲ, ಯಾವುದೋ ಜ್ವರದ ಹೆಸರು ಹೇಳಿದ್ದು."

ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಆಫೀಸರಿಗೂ ಹೇಳಿದರು. ಅವರು ಹುಬ್ಬೇರಿಸಿ, ಆದರೆ ಇವನಿಗೆ ಜ್ವರ ಇಲ್ಲವಲ್ಲ ಎಂದರು. ಆ ಮಾತು ಸರಿಯೇ ಇತ್ತು. ಥರ್ಮಾಮೀಟರ್ ಎದುರಿಗೇ ಇತ್ತು.

ಬಾಯಮ್ಮ ಆಗ ರೂಮ್‌ಮೇಟನ ಕಡೆ ತಿರುಗಿ, ಇವನು ಬೆಳಿಗ್ಗೆಯಿಂದ ಏನಾದರೂ ಮಾತ್ರೆ ತಿಂದಿದ್ದಾನಾ ಎಂದು ಕೇಳಿದರು. ಆತ ಸಂಕೋಚದಿಂದ ಹೇಳಿದ: "ತಲಿ ಸಿಡಿತದ ಅಂತಾನ್ರಿ. ನಾನೇ ದಿನಾ ಎರಡೆರಡು ಜ್ವರದ ಗುಳಿಗಿ ಕೊಡ್ತೀನ್ರಿ. ಇವತ್ತೂ ಕೊಟ್ಟು ಕರಕೊಂಡು ಬಂದೀನ್ರಿ."

ಬಾಯಮ್ಮ ಹಾಸಿಗೆಯ ಮೇಲೆ ಕೂತಿದ್ದವನ ಕೈಗಳನ್ನೇ ನೋಡುತ್ತ ನಿಂತರು. ಅವನ ಬೆರಳುಗಳು ಬೆಡ್‌ಶೀಟಿನ ಅಂಚನ್ನು ಹೆಕ್ಕುತ್ತಿದ್ದವು, ಇಲ್ಲದ ದಾರವನ್ನು ಎಳೆಯುವ ಹಾಗೆ. ನಾಲಿಗೆ ಹೊರಗೆ ಚಾಚಲು ಹೇಳಿದರು. ನಾಲಿಗೆ ಬೆಳ್ಳಗೆ ದಪ್ಪಗೆ ಇತ್ತು. ಆಮೇಲೆ ಒಳಗೆ ಡಾಕ್ಟರರ ಹತ್ತಿರ ಹೋದರು.

ನಮ್ಮ ಡಾಕ್ಟರ್ ಕೋಟ್ಟಯಂನವರು, ತಾಳ್ಮೆಯ ಮನುಷ್ಯ. ಬಾಯಮ್ಮ ಹೇಳಿದ್ದನ್ನು ಪೂರ್ತಿ ಕೇಳಿದರು. ಮಾತ್ರೆಯಿಂದ ಜ್ವರ ಮುಚ್ಚಿಹೋಗಿರಬಹುದು, ಸಂಜೆಯವರೆಗೆ ಇಲ್ಲೇ ಇಟ್ಟು ನೋಡೋಣ, ತಾನು ಟ್ರೈನಿಂಗಿನಲ್ಲಿದ್ದಾಗ ಮಂಗಳೂರಿನ ವಾರ್ಡಿನಲ್ಲಿ ಟೈಫಾಯ್ಡ್ ತಲೆಗೇರಿದವರು ಹೀಗೇ ಹೊದಿಕೆ ಹೆಕ್ಕುವುದನ್ನು ನೋಡಿದ್ದೇನೆ ಎಂದು ಬಾಯಮ್ಮ ಹೇಳಿದರಂತೆ. ಡಾಕ್ಟರ್ ತಾವೇ ಎದ್ದು ಬಂದು ಹೊಟ್ಟೆ ಒತ್ತಿ ನೋಡಿದರು, ರಕ್ತ ಪರೀಕ್ಷೆಗೆ ಬರೆದರು, ಮನೋರೋಗದ ಆಸ್ಪತ್ರೆಗೆ ಬರೆಯಬೇಕಿದ್ದ ಕಾಗದವನ್ನು ಪಕ್ಕಕ್ಕಿಟ್ಟರು.

ಕಷ್ಟ ಬಂದದ್ದು ಮ್ಯಾನೇಜರರಿಂದ. ಆ ಕಂಪನಿಯ ಇನ್ಶೂರೆನ್ಸ್ ನಿಂತುಹೋಗಿತ್ತು. ಅದನ್ನು ನೋಡಿ ಹೇಳುವ ಕೆಲಸ ನನ್ನದೇ. ಹೇಳಿದೆ. ಇನ್ಶೂರೆನ್ಸ್ ಇಲ್ಲದವನನ್ನು ದಿನವಿಡೀ ಇಟ್ಟುಕೊಂಡರೆ, ಅವನು ಇಲ್ಲಿ ಗಲಾಟೆ ಮಾಡಿದರೆ ಯಾರು ಹೊಣೆ ಎಂದು ಮ್ಯಾನೇಜರ್ ಕೇಳಿದರು. ಹಾಗೆ ಕೇಳಿ, ಸಿಸ್ಟರ್, ನಿಮ್ಮ ಕಾಂಟ್ರಾಕ್ಟ್ ಈ ತಿಂಗಳು ನನ್ನ ಮೇಜಿಗೆ ಬರುತ್ತದೆ ಎಂದೂ ನೆನಪಿಸಿದರು. ಕೌಂಟರಿನಲ್ಲಿದ್ದ ನಮಗೆಲ್ಲ ಕೇಳಿಸುವ ಹಾಗೆ.

ಬಾಯಮ್ಮ ಗಡಿಯಾರ ನೋಡಿಕೊಂಡರು. "ಬೆಂಚಿನ ಮೇಲೆ ಕೂತುಕೊಳ್ಳಲಿಕ್ಕೆ ಇನ್ಶೂರೆನ್ಸ್ ಬೇಡ ಸರ್," ಎಂದರು. "ಅವನ ಪಕ್ಕದಲ್ಲಿ ನಾನು ಕೂರ್ತೇನೆ. ಹೊಣೆ ನಂದೇ ಅಂತ ಬರೆದುಕೊಳ್ಳಿ."

ಹಾಗೇ ಕೂತರು. ಟ್ರಯಾಜಿಗೆ ಬಂದವರನ್ನು ನೋಡುವುದು, ಮತ್ತೆ ಬಂದು ಅವನ ಪಕ್ಕ ಕೂರುವುದು. ಅವನು ಬಸ್ಸು ಬಂತು ಎಂದು ಎದ್ದಾಗಲೆಲ್ಲ, ಬರ್ತದೆ, ನಾನೂ ಅದಕ್ಕೇ ಕಾಯ್ತಾ ಇದ್ದೇನೆ, ಕೂತುಕೋ ಎಂದು ಕೈಹಿಡಿದು ಕೂರಿಸುತ್ತಿದ್ದರು. ಅವರ ಮಂಗಳೂರು ಕನ್ನಡ ಅವನಿಗೆ ಎಷ್ಟು ತಿಳಿಯಿತೋ. ಆದರೆ ಕೂರುತ್ತಿದ್ದ. ಸೇಫ್ಟಿ ಆಫೀಸರ್ ಕೂಡ ಹೋಗಲಿಲ್ಲ. ಎಲ್ಲರಿಗೂ ಲಬಾನ್ ಮಜ್ಜಿಗೆ ಮತ್ತು ರೊಟ್ಟಿ ತಂದುಕೊಟ್ಟು ಎದುರು ಕುರ್ಚಿಯಲ್ಲಿ ಕೂತರು.

ಪಕ್ಕದ ಮಸೀದಿಯಲ್ಲಿ ಇಳಿಹೊತ್ತಿನ ಅಸರ್ ಬಾಂಗ್ ಆಗುವ ಹೊತ್ತಿಗೆ ಅವನಿಗೆ ಚಳಿ ಶುರುವಾಯಿತು. ಬಾಯಮ್ಮ ಥರ್ಮಾಮೀಟರ್ ಇಟ್ಟರು. ಮೂವತ್ತೊಂಬತ್ತು ದಾಟಿತ್ತು, ಊರಿನ ಲೆಕ್ಕದಲ್ಲಿ ನೂರಾ ಎರಡರ ಮೇಲೆ. ಅವರು ಅದನ್ನು ಮೊದಲು ಡಾಕ್ಟರರಿಗೆ, ಆಮೇಲೆ ಆಫೀಸರಿಗೆ, ಕೊನೆಗೆ ಮ್ಯಾನೇಜರರ ಕೋಣೆಗೆ ಹೋಗಿ ಅವರಿಗೂ ತೋರಿಸಿದರು. ಮ್ಯಾನೇಜರ್ ನೋಡಿ, ಅಂಬುಲೆನ್ಸ್ ಕರೆಯಲು ಹೇಳಿದರು. ದೊಡ್ಡಾಸ್ಪತ್ರೆಯಲ್ಲಿ ಟೈಫಾಯ್ಡ್ ಎಂದೇ ಆಯಿತು. ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟಿದ್ದರೆ ಕರುಳು ತೂತಾಗಿ ಉಳಿಯುವುದೇ ಕಷ್ಟವಿತ್ತು ಎಂದು ಅಲ್ಲಿನವರು ನಮ್ಮ ಡಾಕ್ಟರರಿಗೆ ಹೇಳಿದರು.

ಆ ವಾರವೆಲ್ಲ ಕ್ಲಿನಿಕ್ಕಿನಲ್ಲಿ ಇದೇ ಮಾತು. ಒಂದು ಇಂಗ್ಲಿಷ್ ಬೈಗುಳದಿಂದ ನೀವು ರೋಗ ಕಂಡುಹಿಡಿದಿರಿ ಎಂದು ನಾನು ಹೊಗಳಲು ಹೋದೆ. ಬಾಯಮ್ಮ ಒಪ್ಪಲಿಲ್ಲ. "ಮಾತು ರೋಗ ಹೇಳ್ತದಾ ಮಾರಾಯ? ಮಾತ್ರೆ ತಿಂದಿದ್ದಾನಾ ಅಂತ ನಾನು ಕೇಳಿಯೇ ಇರಲಿಲ್ಲ. ಆ ಮಾತು ಬಂದದ್ದರಿಂದ ಕೇಳಿದೆ. ಅಷ್ಟೇ."

ಆದರೆ ಅವರಿಗೆ ಅರ್ಧ ಮಾತ್ರ ಸಿಕ್ಕಿತ್ತು. ತಾಪ್ ಸರಿ, ಡೂಲಾಲಿ ಯಾವುದು? ಫಾರ್ಮಸಿಯ ಹುಡುಗಿ ನಾಸಿಕದ ಕಡೆಯವಳು. ಬಾಯಮ್ಮ ಅವಳ ಎದುರು ನಿಂತು ಆ ಮಾತನ್ನು ಹಲವು ರೀತಿಯಲ್ಲಿ ಉಚ್ಚರಿಸಿದರು. ದೂಲಾಲಿ, ದೋಲಾಲಿ, ದ್ಯೋಲಾಲಿ. ಅವಳು ಔಷಧಿ ಎಣಿಸುತ್ತಿದ್ದವಳು ನಕ್ಕು, ನಮ್ಮ ದೇವಳಾಲಿ ಇರಬೇಕು ಸಿಸ್ಟರ್ ಎಂದಳು. ನಾಸಿಕದ ಹತ್ತಿರದ ಊರು. ಬ್ರಿಟಿಷರ ಕಾಲದಿಂದಲೂ ಸೈನ್ಯದವರ ಊರು. ನಮ್ಮ ಮರಾಠಿಯಲ್ಲೂ ಜ್ವರಕ್ಕೆ ತಾಪ ಎಂದೇ ಹೇಳುವುದು. ಬಾಯಮ್ಮ ಆ ಹುಡುಗಿಯ ಎರಡೂ ಕೆನ್ನೆ ಹಿಡಿದು ಅಲ್ಲಾಡಿಸಿದರು. ದೇವಳಾಲಿಯ ತಾಪ. ಆದರೆ ಆ ಊರಿನಲ್ಲಿ ಎಂಥ ಜ್ವರ ಬರುತ್ತಿತ್ತು, ಅದರಿಂದ ಹುಚ್ಚು ಹೇಗಾಯಿತು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಅದನ್ನು ತಂದವರು ಸೇಫ್ಟಿ ಆಫೀಸರ್. ಆಸ್ಪತ್ರೆಯಲ್ಲಿ ಯಾದಗಿರಿಯವನನ್ನು ನೋಡಿಕೊಂಡು, ಅವನು ಗಂಜಿ ಕುಡಿಯುತ್ತಿದ್ದಾನೆ, ಬಸ್ಸಿನ ಮಾತು ಬಿಟ್ಟಿದ್ದಾನೆ ಎಂಬ ಸುದ್ದಿ ಹಿಡಿದು ಒಂದು ಮಧ್ಯಾಹ್ನ ಬಂದರು. ಬಂದವರು ಹೋಗಲಿಲ್ಲ. ಇಂಗ್ಲೆಂಡಿನಲ್ಲಿರುವ ತಮ್ಮ ತಾಯಿಗೆ ಫೋನು ಮಾಡಿ ಅಜ್ಜನ ಬಗ್ಗೆ ಕೇಳಿದ್ದರು. ಆಕೆಗೆ ವಯಸ್ಸಾಗಿದ್ದರೂ ನೆನಪು ಚೆನ್ನಾಗಿತ್ತು. ಅಜ್ಜ ಇಂಡಿಯಾದಲ್ಲಿ ತನ್ನ ಸೇವೆಯ ಅವಧಿ ಮುಗಿಸಿದ್ದ. ಊರಿಗೆ ಹೋಗುವವರನ್ನೆಲ್ಲ ದೇವಳಾಲಿಯ ಕ್ಯಾಂಪಿಗೆ ಕಳಿಸುತ್ತಿದ್ದರು. ಹಡಗು ಹೊರಡುತ್ತಿದ್ದದ್ದು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ. ಕೊನೆಯ ಹಡಗು ತಪ್ಪಿದವನು ಬೇಸಿಗೆ, ಮಳೆಗಾಲ ಎರಡನ್ನೂ ಅಲ್ಲೇ ಕಳೆಯಬೇಕು. ಡ್ರಿಲ್ ಇಲ್ಲ, ಕೆಲಸ ಇಲ್ಲ, ಬರೀ ಬಿಸಿಲು. ಗಟ್ಟಿಮುಟ್ಟಾದ ಗಂಡಸರು ಕುಡಿದು ಹೊಡೆದಾಡುತ್ತಿದ್ದರು, ಒಬ್ಬೊಬ್ಬರೇ ಮಾತಾಡಿಕೊಳ್ಳುತ್ತಿದ್ದರು. ಅವನಿಗೆ ದೇವಳಾಲಿಯ ಜ್ವರ ಹತ್ತಿದೆ ಎಂದು ಉಳಿದವರು ಹೇಳುತ್ತಿದ್ದರು. ನಮ್ಮಜ್ಜನೂ ಒಂದು ಬೇಸಿಗೆ ಅಲ್ಲಿ ಕಳೆದಿದ್ದನಂತೆ, ಅದರ ಬಗ್ಗೆ ಮನೆಯಲ್ಲಿ ಬಾಯಿಬಿಟ್ಟವನಲ್ಲ, ಆ ಒಂದು ಮಾತನ್ನು ಮಾತ್ರ ನಮಗೆ ಬಿಟ್ಟುಹೋದ ಎಂದರು ಆಫೀಸರ್. ಆಮೇಲೆ, ನಾವು ಊರಿನ ಹೆಸರನ್ನೂ ಕೆಡಿಸಿದೆವು, ಜ್ವರವನ್ನೂ ಮರೆತೆವು, ಹುಚ್ಚನ್ನು ಮಾತ್ರ ಇಟ್ಟುಕೊಂಡೆವು ಎಂದು ಮೆಲ್ಲಗೆ ನಕ್ಕರು.

ಬಾಯಮ್ಮ ನಗಲಿಲ್ಲ. ಅವರು ಇಂಗ್ಲಿಷಿನಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಹೀಗೆ ಬರೆಯಬಹುದು:

"ಕೆಲಸ ಮುಗಿದ ಮೇಲೂ ಊರಿಗೆ ಕಳಿಸದೆ ಕೂರಿಸಿದರೆ ಗಂಡಸರಿಗೆ ಏನಾಗ್ತದೆ ಅಂತ ನಿಮ್ಮ ಅಜ್ಜನಿಗೆ ಗೊತ್ತಿತ್ತು. ಈ ಹುಡುಗನ ತಾಪ್ ಇಳಿಸುವುದು ನಮ್ಮ ಕೆಲಸ. ಇಳಿಸಿದೆವು. ದೇವಳಾಲಿ ನಿಮ್ಮ ಕ್ಯಾಂಪಿನಲ್ಲಿ ಉಂಟು. ಅದನ್ನು ಖಾಲಿ ಮಾಡಿಸುವುದು ನಿಮ್ಮ ಕೆಲಸ."

ಆ ಮನುಷ್ಯ ಕೆಂಪಗಾದರು. ತನ್ನ ಟಿಕೆಟ್ಟೂ ಬಂದಿಲ್ಲ, ತನ್ನ ಮಾತನ್ನು ಹೆಡ್ ಆಫೀಸಿನಲ್ಲಿ ಯಾರೂ ಕೇಳುವುದಿಲ್ಲ ಎಂದರು. ಹಾಗಾದರೆ ನೀವೂ ಅದೇ ಕ್ಯಾಂಪಿನವರು, ಕೇಳುವ ಹಕ್ಕು ಇನ್ನೂ ಜಾಸ್ತಿ ಎಂದರು ಬಾಯಮ್ಮ. ಒಬ್ಬನಿಗೆ ಟೈಫಾಯ್ಡ್ ಬಂದಿದೆ ಅಂದರೆ ಅಲ್ಲಿನ ನೀರು ಕೆಟ್ಟಿದೆ; ಸೇಫ್ಟಿ ಆಫೀಸರ್ ನೀರಿನ ಬಗ್ಗೆ ಬರೆದರೆ ಯಾರೂ ಕೇಳದೆ ಇರಲಾರರು ಎಂದೂ ಸೇರಿಸಿದರು.

ಆ ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ಬೆಳಗ್ಗಿನ ಪೂಜೆ ಮುಗಿಸಿ ಚರ್ಚಿನಿಂದ ಹೊರಬಂದ ಬಾಯಮ್ಮನನ್ನು ನನ್ನ ಕಾರಿನಲ್ಲೇ ಕ್ಯಾಂಪಿಗೆ ಕರೆದುಕೊಂಡು ಹೋದೆ. ನನಗೆ ಜುಮಾ ನಮಾಜಿಗೆ ಮುಂಚೆ ವಾಪಸಾಗಬೇಕಿತ್ತು. ಅವರು ಚರ್ಚಿನ ಸೀರೆಯಲ್ಲೇ, ಕಿವಿಯಲ್ಲಿ ಚಿನ್ನದ ಓಲೆ ಹಾಕಿಕೊಂಡೇ ರೂಮು ರೂಮಿಗೆ ಹೋದರು. ಬಂಕ್ ಮಂಚಗಳ ನಡುವೆ ಬಗ್ಗಿ, ಒಬ್ಬೊಬ್ಬರ ಹೆಸರು, ಊರು ಕೇಳಿ ಥರ್ಮಾಮೀಟರ್ ಇಟ್ಟರು. ಎಲ್ಲರೂ ಎದ್ದು ನಿಂತು ಸರದಿಗೆ ಕಾಯುತ್ತಿದ್ದರು. ಜ್ವರ ಇದ್ದ ಇನ್ನಿಬ್ಬರು ಸಿಕ್ಕಿದರು. ಒಬ್ಬ ಬಿಹಾರಿ ಮುದುಕ ತನಗೆ ಏನೂ ಇಲ್ಲದಿದ್ದರೂ ಸಾಲಿನಲ್ಲಿ ನಿಂತಿದ್ದ. ಯಾಕೆ ಎಂದು ಕೇಳಿದರೆ, ತುಂಬ ದಿನಗಳಿಂದ ಯಾರೂ ನನ್ನ ಹೆಸರು ಕೇಳಿರಲಿಲ್ಲ ಎಂದ. ವಾಪಸು ಬರುವಾಗ ಕಾರಿನಲ್ಲಿ ಬಾಯಮ್ಮ ಆ ಮುದುಕನ ಹೆಸರನ್ನು ಒಂದೆರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು.

ಸೇಫ್ಟಿ ಆಫೀಸರ್ ಬರೆದರು. ಬರೆದು ಸುಮ್ಮನಿರದೆ, ಆಸ್ಪತ್ರೆಯ ವರದಿ ಹಿಡಿದುಕೊಂಡು ಹೆಡ್ ಆಫೀಸಿನ ಮುಂದೆ ದಿನಗಟ್ಟಲೆ ಕೂತರು. ಮೊದಲು ನೀರಿನ ಟ್ಯಾಂಕು ಬದಲಾಯಿತು. ಆಮೇಲೆ, ಕಾಯಿಲೆ ಹರಡಿದರೆ ಸರ್ಕಾರಕ್ಕೆ ಉತ್ತರ ಹೇಳಬೇಕಾದೀತು ಎಂಬ ಭಯ ಅಲ್ಲಿನವರಿಗೆ ಹತ್ತಿತೇನೋ, ಅವಧಿ ಮುಗಿದವರ ಟಿಕೆಟ್ಟುಗಳು ಗುಂಪು ಗುಂಪಾಗಿ ಬರತೊಡಗಿದವು. ಚಳಿ ಶುರುವಾಗುವ ಮೊದಲೇ ಆ ಕ್ಯಾಂಪು ಬಹುಮಟ್ಟಿಗೆ ಖಾಲಿಯಾಯಿತು. ಆಫೀಸರ್ ಕೊನೆಯ ಗುಂಪಿನ ಜೊತೆ ತಾವೂ ಹೊರಟರು. ಬಾಯಮ್ಮನ ಕಾಂಟ್ರಾಕ್ಟಿಗೆ ಮ್ಯಾನೇಜರ್ ಒಂದು ಮಾತೂ ಆಡದೆ ಸಹಿ ಹಾಕಿದರು.

ಯಾದಗಿರಿಯವನು ವಿಮಾನದ ದಿನ ಕ್ಲಿನಿಕ್ಕಿಗೆ ಬಂದ. ಸೊರಗಿದ್ದ, ತಲೆಗೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದ. ಕೈಮುಗಿದು ನಿಂತವನು ಹೋಗಲು ಮನಸ್ಸಿಲ್ಲದವನಂತೆ ಕಾಲು ಬದಲಾಯಿಸುತ್ತಿದ್ದ. ಬಾಯಮ್ಮ ಏನಾಯಿತು ಎಂದು ಕೇಳಿದಾಗ ಹೇಳಿದ: "ಅಕ್ಕೋರೆ, ಅಬುಧಾಬಿಯೊಳಗ ನಂಗ ಹುಚ್ಚ ಹಿಡದಾದ ಅಂತ ಊರಾಗ ಸುದ್ದಿ ಆಗ್ಯಾದ್ರಿ. ಹೆಂಡತಿನ್ನ ಅವರಪ್ಪ ಕರಕೊಂಡು ಹೋಗ್ಯಾನ. ನಾ ಹೇಳಿದ್ರ ನಂಬಂಗಿಲ್ಲ."

ಬಾಯಮ್ಮ ಅವನ ಫೋನು ಇಸಿದುಕೊಂಡು, ಮಾವನ ನಂಬರು ಹಚ್ಚು ಎಂದರು. ಟ್ರಯಾಜಿನಲ್ಲಿ ಕಾಯುತ್ತಿದ್ದವರೆಲ್ಲ ಕೇಳುತ್ತಿದ್ದಂತೆಯೇ, ತಮ್ಮ ದೊಡ್ಡ ಧ್ವನಿಯಲ್ಲಿ, ಬಿಡಿಬಿಡಿಯಾಗಿ ಹೇಳಿದರು. "ನಾನು ಇಲ್ಲಿನ ಆಸ್ಪತ್ರೆಯಿಂದ ಮಾತಾಡುವುದು. ನಿಮ್ಮ ಅಳಿಯನಿಗೆ ಬಂದದ್ದು ಟೈಫಾಯ್ಡ್ ಜ್ವರ. ಜ್ವರದಲ್ಲಿ ಮಾತು ತಪ್ಪಿತ್ತು. ಈಗ ಗುಣ ಆಗಿದೆ. ನಾನು ನನ್ನ ಕಣ್ಣಾರೆ ನೋಡಿ ಹೇಳುವುದು. ನಾಳೆ ಅವನು ಬಂದು ಇಳಿಯುವಾಗ ಮಗಳನ್ನು ಕರಕೊಂಡು ಬನ್ನಿ." ಆ ಕಡೆಯಿಂದ ಏನೋ ಪ್ರಶ್ನೆ ಬಂತು. ಬಾಯಮ್ಮ ಕೇಳಿಸಿಕೊಂಡರು. "ಹೌದು, ನಾನು ನರ್ಸ್. ನಿಮಗೆ ಡಾಕ್ಟರೇ ಹೇಳಬೇಕಾ? ಇರಿ," ಎಂದು ಒಳಗೆ ಹೋಗಿ, ಕನ್ನಡ ಬಾರದ ಕೋಟ್ಟಯಂನ ಡಾಕ್ಟರರ ಕೈಗೆ ಫೋನು ಕೊಟ್ಟರು. ಡಾಕ್ಟರ್ ಬಾಯಮ್ಮ ಹೇಳಿಕೊಟ್ಟಂತೆ, ಮಲಯಾಳದ ರಾಗದಲ್ಲಿ, 'ಅವನಿಗೆ ಹುಚ್ಚು ಇಲ್ಲ, ಜ್ವರ, ಜ್ವರ' ಎಂದು ಎರಡು ಸಲ ಹೇಳಿದರು. ಯಾದಗಿರಿಯವನು ಗೋಡೆಯ ಕಡೆ ಮುಖ ಮಾಡಿ ಅತ್ತ. ಮುಂದಿನ ವಾರ ಅವನಿಂದ ಒಂದು ಫೋಟೊ ಬಂತು. ಮನೆಯ ಮುಂದೆ ಅವನು, ಪಕ್ಕದಲ್ಲಿ ಸೆರಗು ಹೊದ್ದ ಹೆಂಡತಿ. ಬಾಯಮ್ಮ ಅದನ್ನು ಕ್ಲಿನಿಕ್ಕಿನ ಪ್ರತಿಯೊಬ್ಬರಿಗೂ, ಮ್ಯಾನೇಜರರಿಗೂ, ತೋರಿಸಿದರು. ತಮ್ಮ ಸ್ವಂತ ಮನೆಯ ಮದುವೆಯ ಫೋಟೊ ತೋರಿಸುವ ಹಾಗೆ.

ಅಂದಿನಿಂದ ಟ್ರಯಾಜಿನಲ್ಲಿ ಒಂದು ಕಟ್ಟುನಿಟ್ಟು ಬಂತು. ತಲೆ ಕೆಟ್ಟಿದೆ ಎಂದು ಯಾರನ್ನು ಕರೆತಂದರೂ ಮೊದಲು ತಿಂದ ಮಾತ್ರೆ ಕೇಳಬೇಕು, ಜ್ವರ ಈಗ ನೋಡಬೇಕು, ಸಂಜೆ ಮತ್ತೆ ನೋಡಬೇಕು. ಬಾಯಮ್ಮ ಹೇಳಿದ್ದನ್ನು ಡಾಕ್ಟರ್ ಎಲ್ಲರಿಗೂ ಕಡ್ಡಾಯ ಮಾಡಿದರು. ಅದಕ್ಕೆ ನಮ್ಮ ನಡುವೆ ದೇವಳಾಲಿ ಮಾಡುವುದು ಎಂಬ ಮಾತು ತಾನಾಗಿಯೇ ಹುಟ್ಟಿಕೊಂಡಿತು. ಇವನಿಗೆ ದೇವಳಾಲಿ ಆಯಿತಾ? ಆಯಿತು, ಸಂಜೆ ಇನ್ನೊಮ್ಮೆ ಮಾಡಬೇಕು. ಹೀಗೆ.

೨೦೧೮ರಲ್ಲಿ ಬಾಯಮ್ಮ ಕೆಲಸ ಬಿಟ್ಟು ಊರಿಗೆ ಹೋದರು. ಬೀಳ್ಕೊಡುಗೆಯ ಕೇಕನ್ನು ಕಾಯುವ ಕೋಣೆಯಲ್ಲಿ ಇಟ್ಟಿದ್ದೆವು. ರೋಗಿಗಳಿಗೆ ಕೂರಲು ಕುರ್ಚಿ ಬಿಟ್ಟುಕೊಟ್ಟ ಮೇಲೆಯೇ ಕತ್ತರಿಸಿದರು. ಭಾಷಣ ಮಾಡಿ ಎಂದರೆ, ಯಲ್ಲಾ, ಖಲಾಸ್, ಕೆಲಸಕ್ಕೆ ಹೋಗಿ ಎಂದರು.

ಮರುವರ್ಷ ಟ್ರಯಾಜಿಗೆ ಫಿಲಿಪೀನ್ಸಿನ ಸೆಬುವಿನಿಂದ ಹೊಸ ನರ್ಸ್ ಬಂದಳು. ಒಂದು ದಿನ ಮಧ್ಯಾಹ್ನ ಒಬ್ಬ ಪೈಪ್‌ಫಿಟರನನ್ನು ಇಬ್ಬರು ಹಿಡಿದುಕೊಂಡು ತಂದರು. ಅವನು ಯಾರ ಹೆಸರನ್ನೋ ಹಿಡಿದು ಕೂಗುತ್ತಿದ್ದ. ಆಕೆ ಗಾಬರಿಯಾಗದೆ ಅವನನ್ನು ಕೂರಿಸಿ, ಹೆಸರು ಕೇಳಿ, ತಿಂದ ಮಾತ್ರೆ ಕೇಳಿ ಜ್ವರ ನೋಡಿದಳು. ಮೊದಲು ದೇವಳಾಲಿ ಮಾಡಿಬಿಡುತ್ತೇನೆ ಎಂದು ಆಕೆ ಹೇಳಿದ್ದು ಕೇಳಿ ನನಗೆ ಕುತೂಹಲವಾಯಿತು. ಬಿಡುವಾದಾಗ, ಆ ಮಾತಿನ ಅರ್ಥ ಗೊತ್ತೇ ಎಂದು ಕೇಳಿದೆ.

ಗೊತ್ತು ಎಂದಳು. ಇಲ್ಲಿ ಮೊದಲು ಇದ್ದ ಒಬ್ಬ ಹಿರಿಯ ನರ್ಸಿನ ಹೆಸರಂತೆ. ಸಿಸ್ಟರ್ ದೇವಳಾಲಿ. ತುಂಬ ಜೋರಿದ್ದರಂತೆ.

ಹೆಮ್ಮೆಯಿಂದ ಹೊರಗೆ ಬಂದು ಬಂಟ್ವಾಳಕ್ಕೆ ಫೋನು ಹಚ್ಚಿದೆ. ಬಾಯಮ್ಮ ಎತ್ತಿದರು. ನಡೆದದ್ದನ್ನೆಲ್ಲ ಹೇಳಿದೆ, ಒಂದು ಊರು ಹುಚ್ಚಾಯಿತು, ಹುಚ್ಚು ಜ್ವರವಾಯಿತು, ಈಗ ಅದು ನಿಮ್ಮ ಹೆಸರೇ ಆಗಿದೆ ಎಂದೆ. ಅವರು ಜೋರಾಗಿ ನಗುತ್ತಾರೆ ಎಂದುಕೊಂಡಿದ್ದೆ. 

"ಅದು ಇರಲಿ," ಎಂದರು. "ಆ ಪೈಪ್‌ಫಿಟರನಿಗೆ ಜ್ವರ ಎಷ್ಟಿತ್ತು?"

ನಾನು ಕೇಳಿರಲಿಲ್ಲ.

"ಹೋಗಿ ಕೇಳು. ನಾನು ಫೋನು ಇಡುವುದಿಲ್ಲ."

ಫೋನನ್ನು ಕಿವಿಗೆ ಹಿಡಿದುಕೊಂಡೇ ಒಳಗೆ ನಡೆದೆ. ಹೊಸ ನರ್ಸ್ ಥರ್ಮಾಮೀಟರನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಮೂವತ್ತೊಂಬತ್ತೂವರೆ ಎಂದು ಬಾಯಮ್ಮನಿಗೆ ಹೇಳಿದೆ. ಅವರು ಕೂಡಲೇ ಅವನ ಹೆಸರು ಕೇಳಿದರು. ಆಮೇಲೆ ಊರು.